ಬೊಮ್ಮನಹಳ್ಳಿಯ ಇನ್ನೊಬ್ಬ ಜೋಗಿ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನಡೆದದ್ದು ಯಾವ ಬೊಮ್ಮನಹಳ್ಳಿಯಲ್ಲಿ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿಯೇ. ಪದ್ಯದ ಊರು ತುಂಗೆಯ ದಂಡೆಯ ಮೇಲಿದೆ, ಕವಿಯೂ ಮಲೆನಾಡಿನವರು ಎಂದು ತಕರಾರು ತೆಗೆಯುವವರಿಗೆ ನನ್ನಲ್ಲಿ ಉತ್ತರ ಸಿದ್ಧವಿದೆ. ನಮ್ಮ ಹಗರಿಯಲ್ಲಿ ನೀರು ಬಂದ ವರ್ಷ ಅದು ಹೋಗಿ ಸೇರುವುದು ತುಂಗಭದ್ರೆಯನ್ನೇ. ಅದರಲ್ಲಿ ಅರ್ಧ ಹೆಸರು ತುಂಗೆಯದೇ. ಇನ್ನು ಇಲಿಗಳಿಗೆ ಪುರಾವೆ ಬೇಕಾದವರು ಸುಗ್ಗಿಯಾದ ಮೇಲೆ ನಮ್ಮ ಮನೆಯ ಶೇಂಗಾ ಚೀಲಗಳನ್ನು ಬಂದು ನೋಡಬಹುದು. ಮಾತು ಕೊಟ್ಟು ತಪ್ಪುವ ಗೌಡರ ಬಗ್ಗೆ ನಾನೇನೂ ಹೇಳುವುದಿಲ್ಲ. ಊರಲ್ಲಿ ಬಾಳಬೇಕಾದವನು.

ನಾನು ಕನ್ನಡ ಮಾಸ್ತರ. ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಪದ್ಯವನ್ನು ನಾಟಕ ಮಾಡಿಸುವುದು ನನ್ನ ಪಾಲಿಗೆ ಬಂದ ಕುಲಕಸುಬು. ಪ್ರತಿ ಸಲವೂ ನಮ್ಮ ಜೋಗಿ ರಂಗಕ್ಕೆ ಬರುವುದು ಕೊಳಲು ಊದುತ್ತಲೇ. ಯಾಕೆಂದರೆ ಪ್ಲಾಸ್ಟಿಕ್ ಕೊಳಲು ಜಾತ್ರೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಕಥೆಯಲ್ಲಿ ಇರುವವನು ಊದುವವನೇ, ನಿಜ. ಆದರೆ ಕುವೆಂಪು ಅವನ ಬಾಯಿಂದ ಪೀಪಿ ಕಿತ್ತು ಎದೆಗೆ ಕಿನ್ನರಿ ಒರಗಿಸಿದರು. ತಂತಿವಾದ್ಯ! ಅರ್ಜುನಜೋಗಿಯ ಕಥೆ ಹಾಡುತ್ತ ಊರೂರು ತಿರುಗುತ್ತಿದ್ದ ನಮ್ಮ ಕಿನ್ನರಿಜೋಗಿಗಳ ಕೈಯಲ್ಲಿ ಇರುತ್ತಿದ್ದದ್ದು: ಒಂದು ಬಿದಿರ ದಂಡಿ, ಅದರ ಕೆಳಗೆ ಒಣ ಸೋರೆಬುರುಡೆಗಳು, ಮೇಲೆ ಮೇಣದಲ್ಲಿ ನಿಲ್ಲಿಸಿದ ಮೆಟ್ಟಿಲುಗಳು, ಎರಡು ಮೂರು ತಂತಿ, ತುದಿಗೆ ನವಿಲುಗರಿ. ಈ ಸಲ ಅಸಲಿ ಕಿನ್ನರಿಯನ್ನೇ ರಂಗದ ಮೇಲೆ ತರುತ್ತೇನೆ, ಅದಕ್ಕೂ ಮೊದಲು ನಾನೇ ಕಲಿಯುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ.

ಹಡಗಲಿ ತಾಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಲಕ್ಷಾಂತರ ಜನರ ಬಾಯಿ ಮುಚ್ಚಿಸಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಅದರ ಅರ್ಥ ಮಳೆಯೋ ಬೆಳೆಯೋ ಸರಕಾರವೋ ಎಂದು ಜನ ಉಳಿದ ವರ್ಷವೆಲ್ಲ ಜಗಳಾಡುತ್ತಾರೆ. ನಮ್ಮ ಮನೆಯಲ್ಲಿ ಕಾರಣಿಕಕ್ಕೆ ಜಾತ್ರೆ ಬರುವತನಕ ಕಾಯಬೇಕಿಲ್ಲ. ನನ್ನ ಘೋಷಣೆ ಕೇಳಿ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಬುರುಡೆ ಮನಿ ಹೊಕ್ಕೀತಲೇ, ಪರಾಕ್” ಎಂದಳು. ಬುರುಡೆ ಎಂದರೆ ಸೋರೆಯದೋ ನನ್ನದೋ ಎಂದು ಮಕ್ಕಳಿಬ್ಬರೂ ಊಟ ಮುಗಿಯುವವರೆಗೆ ಚರ್ಚಿಸಿದರು.

ಅವಳನ್ನು ಒಲಿಸಿಕೊಳ್ಳಲು ಆವೇಶದಲ್ಲಿ ಒಂದು ಮಾತು ಆಡಿದೆ: “ನೋಡ್ತಿರು, ಈ ಮನಿಯಾಗಿನ ಇಲಿ ಖಾಲಿ ಆದ ದಿನ ನಿನಗ ಎರಡೆಳಿ ಬಂಗಾರದ ಸರ.” ಯಾರು ಖಾಲಿ ಮಾಡಬೇಕು ಎಂಬುದನ್ನು ನಾನು ಹೇಳಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ.

ಕಿನ್ನರಿ ಮಾಡುವುದು ಹೇಗೆಂದು ತಿಳಿಯಲು ‘ಸಂಗೀತ ರತ್ನಾಕರ’ ಹಿಡಿದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಬರೆದದ್ದು. ಎರಡು ಶತಮಾನದ ನಂತರ ಅದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥ ನಮ್ಮ ಪಕ್ಕದ ವಿಜಯನಗರದವನು. ಹೀಗಾಗಿ ಇದು ನಮ್ಮ ಜಿಲ್ಲೆಯದೇ ಪುಸ್ತಕ ಎಂದು ನಾನು ತೀರ್ಮಾನಿಸಿದ್ದೇನೆ. ಕಿನ್ನರಿಯಲ್ಲಿ ಚಿಕ್ಕದಕ್ಕೆ ಲಘ್ವಿ, ದೊಡ್ಡದಕ್ಕೆ ಬೃಹತಿ ಎನ್ನುತ್ತಾನೆ ಶಾರ್ಙ್ಗದೇವ. ಎರಡು ಸ್ಥಾಯಿ ಹಿಡಿಸುವಷ್ಟು ಮೆಟ್ಟಿಲು ಬೇಕು. ಆ ಮೆಟ್ಟಿಲು ಯಾವುದರಿಂದ? ಹದ್ದಿನ ಎದೆಯ ಟೊಳ್ಳು ಎಲುಬಿನಿಂದ. ಕಿರುಬೆರಳಿನ ದಪ್ಪದ್ದು.

ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಶಾರ್ಙ್ಗದೇವನ ಕಾಲದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರಲಿಲ್ಲ. ಈಗ ರಣಹದ್ದು ನೋಡಬೇಕಾದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಅವುಗಳಿಗೆಂದೇ ಧಾಮವಿದೆ, ಒಂದೊಂದಕ್ಕೂ ಲೆಕ್ಕವಿದೆ. “ಅಂಕಸಮುದ್ರದ ಕೆರೆಗೆ ಎಷ್ಟೊಂದು ಕೊಕ್ಕರೆ ಬರ್ತಾವಲ್ಲ ಸಾರ್” ಎಂದು ಒಬ್ಬ ಶಿಷ್ಯ ಕಿವಿಯಲ್ಲಿ ಹೇಳಿದ. ನಮ್ಮದೇ ತಾಲೂಕಿನ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿಗೇ ಹೆಸರಾಗಿದೆ. ಅದರ ಮೊದಲ ಕಳಂಕ ಒಬ್ಬ ಕನ್ನಡ ಮಾಸ್ತರನಾಗುವುದು ಬೇಡವೆಂದು ಅವನ ಬಾಯಿ ಮುಚ್ಚಿಸಿದೆ. ಪುಣ್ಯಕ್ಕೆ ಶಾರ್ಙ್ಗದೇವ ದಯಾಳು. ಎಲುಬು ಸಿಗದವರಿಗೆ ಕಂಚೋ ಕಬ್ಬಿಣವೋ ಆಗಬಹುದು ಎಂದಿದ್ದಾನೆ. ಗುಜರಿ ಅಂಗಡಿಯಿಂದ ಫ್ರಿಜ್ಜಿನ ತಾಮ್ರದ ಕೊಳವೆ ತಂದು ತುಂಡು ಮಾಡಿದೆ. ಆ ವಾರವೆಲ್ಲ ಹೆಂಡತಿ ದಿನಕ್ಕೊಂದು ಸಲ ನಮ್ಮ ಫ್ರಿಜ್ಜಿನ ಹಿಂಭಾಗ ಇಣುಕಿ ನೋಡುತ್ತಿದ್ದಳು.

ಮೆಟ್ಟಿಲು ಕೂರಿಸಲು ಜೇನುಮೇಣಕ್ಕೆ ಸುಟ್ಟ ಬಟ್ಟೆಯ ಬೂದಿ ಕಲಸಬೇಕು. ಇದು ಹಳೆಯ ಕಾಲದ ಹುಚ್ಚಲ್ಲ. ಇವತ್ತಿನ ಸರಸ್ವತಿ ವೀಣೆಯ 24 ಮೆಟ್ಟಿಲುಗಳೂ ನಿಂತಿರುವುದು ಕರಿಮೇಣದ ಮೇಲೆಯೇ. ಮೇಣದ ಗುಣವೇನೆಂದರೆ, ಸ್ವರ ಕೂದಲೆಳೆಯಷ್ಟು ತಪ್ಪಿದ್ದರೂ ಬಿಸಿ ಮಾಡಿ ಮೆಟ್ಟಿಲನ್ನು ಸರಿಸಿ ಕೂರಿಸಬಹುದು. ಮೇಣ ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಕಡೆಯಿಂದ ಬಂತು. ಅಲ್ಲಿರುವುದು ಕರಡಿಧಾಮ. ಕರಡಿಗೂ ಜೇನಿಗೂ ಇರುವ ಸಂಬಂಧ ಎಲ್ಲರಿಗೂ ಗೊತ್ತು. ಆ ಪೈಪೋಟಿಯಲ್ಲಿ ಗೆದ್ದು ಬಂದ ಮೇಣವಾದ್ದರಿಂದ ಅದರಲ್ಲಿ ಜೇನಿನ ಪಸೆ ಇನ್ನೂ ಉಳಿದಿತ್ತು. ಈ ವಿವರ ಮುಂದೆ ಬೇಕಾಗುತ್ತದೆ.

ಬೂದಿಯ ವಿಷಯದಲ್ಲಿ ಮಾತ್ರ ಹೆಂಡತಿ ಮನೆಯ ಯಾವ ಬಟ್ಟೆಗೂ ಬೆಂಕಿ ತಾಗಿಸಲು ಬಿಡಲಿಲ್ಲ. ನನ್ನ ಸ್ವಯಾರ್ಜಿತ ಆಸ್ತಿಯೆಂದು ಮನೆಯಲ್ಲಿರುವುದು ಸನ್ಮಾನದ ಶಾಲುಗಳು. ಒಂದನ್ನು ಹಿತ್ತಲಿಗೆ ಒಯ್ದು ಕಡ್ಡಿ ಗೀರಿದೆ. ಸನ್ಮಾನದ ಶಾಲು ಸುಟ್ಟರೆ ಬೂದಿಯಾಗುವುದಿಲ್ಲ ಎಂಬುದನ್ನು ಸಾಹಿತ್ಯವಲಯಕ್ಕೆ ಈ ಮೂಲಕ ತಿಳಿಸುತ್ತೇನೆ. ಅದು ಕರಗಿ, ಹೊಗೆಯಾಡಿ, ಕೊನೆಗೆ ಕರಿ ಉಂಡೆಯಾಗಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಪಕ್ಕದ ಓಣಿಯವರು ಟೈರು ಯಾರು ಸುಡುತ್ತಿದ್ದಾರೆಂದು ಕೇಳಿಕೊಂಡು ಬಂದರು. ಬೂದಿಯಿಲ್ಲದ ಬರಿಯ ಮೇಣದಲ್ಲಿಯೇ ಮೆಟ್ಟಿಲು ನಿಲ್ಲಿಸಿದೆ.

ನುಡಿಸುವುದು ಹೇಗೆ? ದಂಡಿಯನ್ನು ಓರೆಯಾಗಿ ಹಿಡಿದು, ಬುರುಡೆಯನ್ನು ಎದೆಗೆ ಒರಗಿಸಿ, ಎಡಗೈ ಬೆರಳಿನಿಂದ ಮೆಟ್ಟಿಲ ಹಿಂದೆ ತಂತಿ ಒತ್ತಿ, ಬಲಗೈ ಉಗುರಿನಿಂದ ಮೀಟಬೇಕು. ಹೇಳುವುದು ಇಷ್ಟೇ. ಏಕತಂತ್ರಿ ವೀಣೆಯ ಪ್ರಸಂಗದಲ್ಲಿ ಶಾರ್ಙ್ಗದೇವ ಕೈಗಳ ಕೆಲಸವನ್ನು ಪಟ್ಟಿ ಮಾಡುತ್ತಾನೆ: ಬಲಗೈಗೆ 9, ಎಡಗೈಗೆ 2, ಎರಡೂ ಕೈ ಕೂಡಿ 13. ನಾಲ್ಕು ಬೆರಳ ಉಗುರುಗಳು ಒಂದರ ಹಿಂದೊಂದು ತಂತಿಗೆ ತಾಗಿದರೆ ನಖಕರ್ತರಿ, ಬೆರಳು ಬಿಡುವಿಲ್ಲದೆ ಓಡಿದರೆ ಭ್ರಮರ, ಹೆಬ್ಬೆರಳು ತೋರುಬೆರಳು ಸೇರಿ ತಂತಿಯನ್ನು ಎಳೆದರೆ ಶುಕವಕ್ತ್ರ. ಹೆಸರುಗಳು ಎಷ್ಟು ಚೆಂದವೆಂದರೆ ನಾನು ಅವನ್ನು ಬಾಯಿಪಾಠ ಮಾಡುವುದರಲ್ಲಿಯೇ ತೃಪ್ತನಾಗಿದ್ದೆ. ಕೈ ಬಳಸಿದಾಗ ಬಂದ ನಾದವನ್ನು ಕೇಳಿ ಮಗಳು, “ಅಪ್ಪ, ಇದು ಯಾವ ಕರ್ತರಿ?” ಎಂದಳು. ಸ್ಕೂಟರಿನ ಕ್ಲಚ್ ವೈರಿನಿಂದ ಬಿಡಿಸಿದ ಎಳೆ ಅದು. ಅದಕ್ಕೆ ಗೇರು ಬದಲಿಸುವ ಚಪಲ ಹೋಗಿರಲಿಲ್ಲ.

ನಾದ ಬರದಿರಲು ನನ್ನ ಬನಿಯನ್ನೇ ಕಾರಣವೆಂದು ಆಮೇಲೆ ಹೊಳೆಯಿತು. ಆಲಾಪಿನಿ ಎಂಬ ಹಳೆಯ ವೀಣೆಯಲ್ಲಿ ಅರ್ಧ ಕೊಯ್ದ ಬುರುಡೆಯ ತೆರೆದ ಬಾಯಿಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು. ಒತ್ತಿದರೆ ನಾದ ಒಳಗೆ ಇಳಿಯುತ್ತದೆ, ತುಸು ಎತ್ತಿದರೆ ಹೊರಗೆ ಅರಳುತ್ತದೆ; ನುಡಿಸುವವನ ಎದೆಯೂ ವಾದ್ಯದ ಪಾಲು. ಒಡಿಶಾ, ಜಾರ್ಖಂಡದ ತುಯಿಲಾ, ಕಾಂಬೋಡಿಯಾದ ಕ್ಸೆ ದಿಯೆವ್ ಇವತ್ತಿಗೂ ಹೀಗೆಯೇ, ಬರಿಮೈಯಲ್ಲಿ. ನಾನೂ ಬನಿಯನ್ ಕಳಚಿ, ಪಡಸಾಲೆಯಲ್ಲಿ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬುರುಡೆಯನ್ನು ಎಡ ಎದೆಗೆ ಒತ್ತಿದೆ. ಅದೇ ಹೊತ್ತಿಗೆ ಕೊಟ್ಟೂರಿಗೆ ನಡೆದು ಹೋಗುವ ಪಾದಯಾತ್ರಿಗಳ ದಾಸೋಹಕ್ಕೆ ಪಟ್ಟಿ ಎತ್ತಲು ಬಂದ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತರು. ಬೆವರುತ್ತ ಎದೆ ಒತ್ತಿಕೊಂಡು ಮುಖ ಕಿವುಚುತ್ತಿದ್ದ ನನ್ನನ್ನು ಕಂಡವರೇ ಹೊರಗೆ ಓಡಿ ಆಟೋ ಕರೆತಂದರು. ಇದು ಸಂಗೀತವೆಂದು ನಾನು ಎಷ್ಟು ಹೇಳಿದರೂ, “ಮಾಸ್ತರ ಬಡಬಡಸಾಕ ಹತ್ಯಾರ, ಲಗೂನ ಹತ್ತಸ್ರಿ” ಎಂದು ಎತ್ತಿ ಕೂರಿಸಿಯೇಬಿಟ್ಟರು. ಡಾಕ್ಟರು ಇಸಿಜಿ ತೆಗೆದು, “ತಾಳ ಸರಿಯಾಗಿದೆ” ಎಂದರು. ನನ್ನ ಕಿನ್ನರಿ ಶಿಕ್ಷಣದಲ್ಲಿ ದೊರೆತ ಒಂದೇ ಪ್ರಶಸ್ತಿಪತ್ರ ಅದು. ಬಿಲ್ಲಿನ ಜೊತೆ ಕಡತದಲ್ಲಿಟ್ಟಿದ್ದೇನೆ.

ಕಿನ್ನರಿ ನುಡಿಸುವವರಿಗೆ ಮನೆಯಲ್ಲಿ ಸಲ್ಲಬೇಕಾದ ಮರ್ಯಾದೆಯ ಬಗ್ಗೆ ನನ್ನಲ್ಲಿ ಒಂದು ಆಧಾರವಿತ್ತು. ಹನ್ನೆರಡನೆಯ ಶತಮಾನದ ಶರಣ ಕಿನ್ನರಿ ಬೊಮ್ಮಯ್ಯ ಮೊದಲು ಅಕ್ಕಸಾಲಿಗ, ಆಮೇಲೆ ಕಲ್ಯಾಣದಲ್ಲಿ ತ್ರಿಪುರಾಂತಕನ ಮುಂದೆ ಕಿನ್ನರಿ ನುಡಿಸಿಕೊಂಡಿದ್ದವನು. ಒಮ್ಮೆ ಉಳ್ಳಾಗಡ್ಡಿಯ ವಾಸನೆಯ ಬಗ್ಗೆ ಬಸವಣ್ಣನವರು ಏನೋ ಅಂದರೆಂದು ಮುನಿದು ಊರು ಬಿಟ್ಟು ಹೊರಟುಬಿಟ್ಟ. ಆಗ ಬಸವಣ್ಣನವರು ಉಳ್ಳಾಗಡ್ಡಿಗೇ ಉತ್ಸವ ಮಾಡಿಸಿ ಅವನನ್ನು ಸಮಾಧಾನಪಡಿಸಿ ಕರೆತಂದರೆಂದು ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ಬಸವಪುರಾಣದಲ್ಲಿ ಹೇಳಿದ್ದಾನೆ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯ ರೈತರು ಉಳ್ಳಾಗಡ್ಡಿಯ ದರ ಬಿದ್ದ ವರ್ಷ ಟ್ರ್ಯಾಕ್ಟರುಗಟ್ಟಲೆ ರಸ್ತೆಗೆ ಸುರಿದು ಮಾಡುವ ಉತ್ಸವ ಬೇರೆ. ಅದರಲ್ಲಿ ಮುನಿಸು ಮಾತ್ರ ಇರುತ್ತದೆ, ಕರೆದು ತರುವವರಿರುವುದಿಲ್ಲ.

ಒಂದು ಸಂಜೆ ನಾನು ಭ್ರಮರ ಸಾಧಿಸುತ್ತಿರುವಾಗ, ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಹೆಂಡತಿ ಕಣ್ಣೊರೆಸಿಕೊಂಡಳು. ರಾಗ ತಟ್ಟಿತೆಂದು ನಾನು ಹಿಗ್ಗಿ ಅವಳ ಮುಖ ನೋಡಿದೆ. “ಉಳ್ಳಾಗಡ್ಡಿಗೆ ಬಂದದ್ದು. ನಿಮ್ಮದಕ್ಕಾದ್ರ ಕಿವ್ಯಾಗ ಬರಬೇಕಿತ್ತು” ಎಂದಳು. ಬೊಮ್ಮಯ್ಯನ ರಕ್ತ ಕುದಿಯಿತು. ಕಿನ್ನರಿ ಹೆಗಲಿಗೇರಿಸಿ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕೂತೆ. ಉತ್ಸವ ಬರಲಿಲ್ಲ. ಕೊಟ್ಟೂರಿನ ಬಸ್ಸು ಬಂತು, ಹಡಗಲಿಯದು ಬಂತು, ಹೊಸಪೇಟೆಯದು ಬಂದು ಹೋಯಿತು. ಇಬ್ಬರು ಹುಡುಗರು ನನ್ನ ಮುಂದೆ ಐದು ರೂಪಾಯಿ ಇಟ್ಟರು. ಒಬ್ಬ ನನ್ನದೇ ಶಿಷ್ಯ. ಆ ದುಡ್ಡಿಗೆ ಇನ್ನಷ್ಟು ಕೂಡಿಸಿ ಹಡಗಲಿ ಮಲ್ಲಿಗೆಯ ಒಂದು ಮೊಳ ಕೊಂಡುಕೊಂಡು, ರೊಟ್ಟಿ ಆರುವುದರೊಳಗೆ ಮನೆ ಸೇರಿದೆ. ಪಲ್ಯ ಉಳ್ಳಾಗಡ್ಡಿಯದೇ.

ಬೇಸಿಗೆಯಲ್ಲಿ ದಂಡಿಯ ಡೊಂಕು ತಿದ್ದಿಸಲು ಹರಪನಹಳ್ಳಿಯ ಒಬ್ಬ ಬಡಿಗೇರರ ಹತ್ತಿರ ಒಯ್ದೆ. ಅದು ನನ್ನ ಮಾವನ ಊರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿದ ತಾಲೂಕು. “ನಾವು ಎಲ್ಲಿಗೂ ಹೋಗಿಲ್ಲ, ಜಿಲ್ಲಾನ ತಿರುಗಾಡ್ತೈತಿ” ಎನ್ನುತ್ತಾರೆ ಮಾವ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ, ಬಸ್ಸಿನ ಎಂಜಿನ್ನಿನ ಪಕ್ಕದ ಸೀಟಿನಲ್ಲಿ, ಬೂದಿಯಿಲ್ಲದ ನನ್ನ ಮೇಣವೂ ಕೊನೆಗೆ ಸೋತಿತು. ಹರಪನಹಳ್ಳಿ ಮುಟ್ಟುವಷ್ಟರಲ್ಲಿ ಗಾಂಧಾರ ಹರಪನಹಳ್ಳಿಯ ಹಾಗೆಯೇ ಮಧ್ಯಮದ ಜಿಲ್ಲೆಗೆ ಸೇರಿಹೋಗಿತ್ತು. ಬಟ್ಟೆಯ ಬೂದಿ ಏಕೆ ಕಲಸುತ್ತಿದ್ದರು ಎಂದು ಆಗ ಬೆರಳಿಗೆ ಅಂಟಿದ ಮೇಣವೇ ವಿವರಿಸಿತು.

ಹೇಗೂ ಬಂದದ್ದಾಯಿತು, ಬಾಗಳಿಯ ಕಲ್ಲೇಶ್ವರನ ಗುಡಿಯಲ್ಲಿ ವೀಣೆ ಹಿಡಿದ ಶಿಲ್ಪವಿದ್ದರೆ ಕೈಯ ಭಂಗಿ ನೋಡಿಬರೋಣವೆಂದು ಮನೆಮಂದಿಯನ್ನೆಲ್ಲ ಹೊರಡಿಸಿದೆ. ಹತ್ತನೆಯ ಶತಮಾನದ ಗುಡಿ. ಮಂಟಪದ ಕಂಬಗಳ ಕಡೆಯುವಿಕೆ ನೋಡಿದರೆ ಕಲ್ಲೋ ಬೆಣ್ಣೆಯೋ ತಿಳಿಯದು. ಆದರೆ ಆ ಗುಡಿಯ ಹೊರಗೋಡೆಯ ಮೇಲೆ ಮಿಥುನ ಶಿಲ್ಪಗಳೂ ಇವೆ ಎಂಬುದನ್ನು ನಾನು ಮೊದಲೇ ಹೇಳಿರಲಿಲ್ಲ. ನಾನು ಒಳಗೆ ಕಂಬಗಳ ಸುತ್ತ ಟಾರ್ಚು ಹಿಡಿದು ವೀಣೆ ಹುಡುಕುತ್ತಿದ್ದಾಗ ಮಾವನವರು ಹೊರಗೆ ಬಹಳ ಹೊತ್ತಿನಿಂದ ಒಂದೇ ಕಡೆ ನಿಂತಿದ್ದರು. ಅತ್ತೆ ಹೋಗಿ ನೋಡಿದರು. “ಅಳಿಯಂದಿರು ವೀಣಿ ಹುಡುಕು ಅಂದಾರ” ಎಂದು ಮಾವ ಸಮಜಾಯಿಷಿ ಕೊಟ್ಟರಂತೆ. ಮುಂದಿನ ಬಸ್ಸಿಗೇ ಎಲ್ಲರೂ ವಾಪಸು. ಅತ್ತೆ ನನ್ನೊಡನೆ ಮಾತು ಬಿಟ್ಟದ್ದು ಅಂದಿನಿಂದ. ಇದನ್ನು ಕಿನ್ನರಿಯಿಂದಾದ ನಷ್ಟಗಳ ಪಟ್ಟಿಯಲ್ಲಿ ಬರೆಯಬೇಕೇ ಬೇಡವೇ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ನಮ್ಮ ಭಾಗದಲ್ಲಿ ಇನ್ನೂ ಬದುಕಿರುವ ತಂತಿವಾದ್ಯವೆಂದರೆ ಚೌಡಿಕೆ. ಎಲ್ಲಮ್ಮನ ಜೋಗತಿಯರ ಕೈಯಲ್ಲಿರುವುದು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಜೋಗತಿ ಕಲೆಯ ಕಡೆಗೆ ದಿಲ್ಲಿಯವರೂ ತಿರುಗಿ ನೋಡಿದರು. ಚೌಡಿಕೆಗೆ ಮೆಟ್ಟಿಲಿಲ್ಲ, ಮೇಣವಿಲ್ಲ. ಒಂದು ಕಡೆ ತೊಗಲು ಬಿಗಿದ ಮರದ ಕೊಳಗ, ಅದರ ನಡುವಿನಿಂದ ಹೊರಟ ಒಂದು ತಂತಿ. ಕೊಳಗವನ್ನು ಕಂಕುಳಲ್ಲಿ ಅವುಚಿ, ತಂತಿಯ ತುದಿಯನ್ನು ಎಡಗೈಯಲ್ಲಿ ಜಗ್ಗುತ್ತ ಸಡಿಲಿಸುತ್ತ ಬಲಗೈಯಲ್ಲಿ ಮೀಟಿದರೆ ಸ್ವರವೂ ತಾಳವೂ ಒಂದೇ ತಂತಿಯಿಂದ ಜಿಗಿಯುತ್ತವೆ.

ಒಂದು ಮಂಗಳವಾರ ಪಡಲಗಿ ಹೊತ್ತು ಬಾಗಿಲಿಗೆ ಬಂದ ವಯಸ್ಸಾದ ಜೋಗಮ್ಮ ನನ್ನ ಕಿನ್ನರಿಯನ್ನು ಕಂಡು, ಕೇಳಿ ಇಸಿದುಕೊಂಡು, ಉಗುರಿನಿಂದ ಒಮ್ಮೆ ಮೀಟಿದಳು. ಅಷ್ಟು ದಿನ ನನ್ನ ಎದೆ, ಬನಿಯನ್, ಇಸಿಜಿ ಯಾವುದಕ್ಕೂ ಬಗ್ಗದ ವಾದ್ಯ ತಟ್ಟನೆ ಜುಮ್ಮೆಂದಿತು. ಒಳಗಿನಿಂದ ಹೆಂಡತಿ ಬಂದು ನಿಂತಳು. “ಇದನ್ನ ಹೊತ್ಗೊಂಡು ಎಷ್ಟ್ ಊರು ತಿರುಗೀರಿ?” ಎಂದು ಜೋಗಮ್ಮ ನನ್ನನ್ನು ಕೇಳಿದಳು. ಪಡಸಾಲೆಯಿಂದ ಅಡುಗೆಮನೆ ಬಾಗಿಲತನಕ ಎಂದೆ. ಮರ್ಯಾದೆಗೆಂದು ಬಸ್‌ಸ್ಟ್ಯಾಂಡನ್ನೂ ಸೇರಿಸಿದೆ. ಅವಳು ಬಾಯ ತುಂಬ ಎಲೆಯಡಿಕೆಯಿದ್ದುದರಿಂದ ಸದ್ದಿಲ್ಲದೆ ನಕ್ಕಳು. ಹೆಂಡತಿಗೆ ಅಂಥ ಅಡ್ಡಿಯಿರಲಿಲ್ಲ.

ಸುಗ್ಗಿಯಾಯಿತು, ಶೇಂಗಾ ಬಂತು, ಇಲಿಗಳೂ ಬಂದವು. ಒಂದು ರಾತ್ರಿ ಕಿನ್ನರಿ ತನ್ನಷ್ಟಕ್ಕೆ ನುಡಿಯತೊಡಗಿತು. ಎದ್ದು ಕೂತು ಕೇಳಿದೆ. ಶುಕವಕ್ತ್ರವಲ್ಲ, ಭ್ರಮರವಲ್ಲ, ಆದರೂ ನನ್ನದಕ್ಕಿಂತ ಹದವಾದ ಕೈ. ಬೆಳಕು ಹಾಕಿದರೆ ದಂಡಿಯ ಮೇಲೆ ಮೂರು ಇಲಿ. ಜೇನಿನ ಪಸೆಯಿದ್ದ ಮೇಣವನ್ನು ಕೆರೆಕೆರೆದು ತಿನ್ನುತ್ತಿದ್ದವು. ಬಾಲ ತಂತಿಗೆ ತಾಗುತ್ತಿತ್ತು. ಷಡ್ಜ ಆಗಲೇ ಮುಗಿದು ಪಂಚಮಕ್ಕೆ ಬಂದಿದ್ದವು. “ಕಿಂದರಿಯ ಹಿಂದೆ ಇಲಿ ಬರುವುದು ಸುಳ್ಳಲ್ಲ! ಕವಿ ಬರೆದದ್ದು ನಿಜ!” ಎಂದು ಕೂಗಿ ಮನೆಯವರನ್ನೆಲ್ಲ ಎಬ್ಬಿಸಿದೆ.

ನನಗೆ ಸಾಹಿತ್ಯಸತ್ಯ ಕಂಡ ಜಾಗದಲ್ಲಿ ಹೆಂಡತಿಗೆ ಬೇರೆಯದು ಕಂಡಿತು. ಮರುದಿನ ಅವಳು ದಂಡಿಗೆ ಉಳಿದಿದ್ದ ಮೇಣವನ್ನೆಲ್ಲ ಚಾಕುವಿನಿಂದ ಕೆರೆದು, ಗೋಲಿ ಮಾಡಿ, ಬೋನಿನ ಕೊಕ್ಕೆಗೆ ಸಿಕ್ಕಿಸಿದಳು. ರೊಟ್ಟಿ ಚೂರಿಗೂ ಒಣಕೊಬ್ಬರಿಗೂ ಮೂಗು ಮುರಿಯುತ್ತಿದ್ದ ಇಲಿಗಳು ಗುಡೇಕೋಟೆಯ ಮೇಣಕ್ಕೆ ಸಾಲುಗಟ್ಟಿದವು. ಮುಂಜಾನೆಗೊಮ್ಮೆ ಮಗ ಬೋನು ಒಯ್ದು ಹಗರಿಯ ಆಚೆ ದಂಡೆಗೆ ಬಿಟ್ಟು ಬರುತ್ತಿದ್ದ. ಓಣಿಯವರೂ ಬಂದು ಗೋಲಿ ಕೇಳಿ ಒಯ್ದರು. ಶೇಂಗಾ ಚೀಲ ಮಾರುಕಟ್ಟೆಗೆ ಹೋಗುವ ಹೊತ್ತಿಗೆ ಮನೆ ನಿರ್ಮಲ. ಮೆಟ್ಟಿಲು ಕಳಚಿದ ದಂಡಿಗೆ ಈಗ ಜಾಡು ತೆಗೆಯುವ ಪೊರಕೆ ಕಟ್ಟಿದ್ದಾರೆ, ಬುರುಡೆಗಳಲ್ಲಿ ಹುಣಸೆಬೀಜ.

ಆಗ ಅವಳು ಸರ ಕೇಳಿದಳು.

“ಯಾವ ಸರ?” ಎಂದೆ. ಈ ಎರಡು ಪದ ಬಾಯಿಂದ ಹೊರಬಿದ್ದ ಕ್ಷಣ, ಶಾಲೆಯ ರಂಗದಲ್ಲಿ ಇಷ್ಟು ವರ್ಷ ನಾನು ಹುಡುಗರಿಗೆ ಹೇಳಿಕೊಟ್ಟ ಗೌಡನ ದನಿ ಕಿವಿಗೆ ಬಿತ್ತು. ಆದರೂ ಮುಂದುವರಿಸಿದೆ: ಅದು ತಮಾಷೆಗೆ ಆಡಿದ ಮಾತು, ಇಲಿ ಹೋದದ್ದು ಕಿನ್ನರಿಯಿಂದ, ಕಿನ್ನರಿ ನನ್ನದು, ಲೆಕ್ಕ ಹಾಕಿದರೆ ನನಗೇ ಏನಾದರೂ ಬರಬೇಕಾಗುತ್ತದೆ. ಅವಳು ಮಾತಾಡಲಿಲ್ಲ. ಕೊಟ್ಟೂರೇಶ್ವರನ ತೇರು ಹತ್ತಿರ ಬಂದಿತ್ತು. ಅವಳ ತಂಗಿಯ ಮನೆ ಕೊಟ್ಟೂರಿನಲ್ಲಿ. ಬ್ಯಾಗು ತುಂಬಿ, “ಮಂಡಕ್ಕಿ, ಮಿರ್ಚಿ, ಜೋಕಾಲಿ” ಎಂದು ಮೂರು ಸ್ವರ ನುಡಿದಳು. ಮಕ್ಕಳಿಬ್ಬರೂ ಓದುವ ಪುಸ್ತಕ ಎಸೆದು ಕುಣಿಯುತ್ತ ಅವಳ ಹಿಂದೆ ಹೊರಟುಹೋದರು. ತಡೆಯೋಣವೆಂದು ಏಳಲು ನೋಡಿದೆ. ಕಾಲು ಮಡಚಿ ಸಾಧನೆ ಮಾಡಿದ್ದಕ್ಕೆ ಮಂಡಿ ಹಿಡಿದುಕೊಂಡು ಕುಂಟುತ್ತ ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಪದ್ಯದಲ್ಲಿ ಊರಲ್ಲಿ ಉಳಿದುಕೊಂಡ ಕುಂಟ ಹುಡುಗನ ಪಾತ್ರವೂ ನನಗೇ ಬಂದಿತು. ಗೌಡನದರ ಜೊತೆಗೆ ಡಬಲ್ ರೋಲ್.

ಎರಡು ದಿನ ಅವಲಕ್ಕಿ ತಿಂದು ಫೋನ್ ಮಾಡಿದೆ. “ಸರ ತರ್ರಿ, ಮಕ್ಕಳನ್ನ ಒಯ್ರಿ” ಎಂದು ಇಟ್ಟಳು. ಬಂಗಾರದ ದರ ವಿಚಾರಿಸಿದೆ. ಆ ಸಂಖ್ಯೆಯನ್ನು ಇಲ್ಲಿ ಬರೆಯುವ ಧೈರ್ಯವಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಗನ ನಂಬರಿಗೆ ಹಚ್ಚಿ, ಸಣ್ಣ ದನಿಯಲ್ಲಿ ಕೇಳಿದೆ: “ಜಾತ್ರ್ಯಾಗ ಒನ್ ಗ್ರಾಮ್ ಗೋಲ್ಡಿನ ಅಂಗಡಿ ಇರ್ತಾವಲ್ಲ, ಎರಡೆಳಿ ಸರ ಎಷ್ಟಕ್ಕ ಕೊಡ್ತಾರ ಕೇಳು. ನಿಮ್ಮವ್ವಗ ಹೇಳಬ್ಯಾಡ.”

ಮಗನ ಫೋನು ಸ್ಪೀಕರಿನಲ್ಲಿತ್ತು.